ಎತ್ತರದಿಂದ ಕಂಡ ತಟ್ಟೆ

ಶಿರೀಷಾ,

ನಿನಗೆ ಬರೆಯುವ ಮುಖ ನನಗಿಲ್ಲ, ಆದರೂ ಬರೆಯುತ್ತಿದ್ದೇನೆ, ಕ್ಷಮಿಸು. ನೀನು ಹಿಂದೂಪುರದ ಕಾಲೇಜು ಬಿಟ್ಟು ಊರಿಗೆ ಹೋಗಿ ಆರು ದಿನವಾಯಿತು, ನನ್ನ ಫೋನ್ ಎತ್ತುತ್ತಿಲ್ಲ.

ಆವತ್ತು ಚಿತ್ರಕಲೆ ಕ್ಲಾಸಿನಲ್ಲಿ ಜಯಚಂದ್ರ ಸರ್, ಒಂದೇ ವಸ್ತುವನ್ನು ಹಲವು ಕಡೆಯಿಂದ ಒಟ್ಟಿಗೆ ತೋರಿಸುವ ಆ ಕ್ಯೂಬಿಸ್ಟ್ ಚಿತ್ರವನ್ನು ಪರದೆಯ ಮೇಲೆ ತೋರಿಸಿ, "ಫಾರ್ಮ್, ಕಲರ್, ಮೂಡ್, ಮೂರೂ ಹೇಳಮ್ಮ ಶಿವರಂಜನಿ" ಅಂದಾಗ ಎದ್ದು ನಿಂತೆ. ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಎರಡನೇ ಸಾಲಿಗೇ ಮರೆತುಹೋಯಿತು. ಮುರಿಮುರಿದ ಮೇಜು, ಪಕ್ಕದಿಂದ ಕಾಣುವ ಲೋಟ, ಮೇಲಿನಿಂದ ಕಾಣುವ ತಟ್ಟೆ, ಎಲ್ಲಕ್ಕೂ ಬೂದಿ ಮತ್ತು ಸಗಣಿಯ ಬಣ್ಣ. ಕನ್ನಡದಲ್ಲೇ ಹೇಳಿಬಿಟ್ಟೆ: "ಕಲ್ಯಾಣದುರ್ಗದಲ್ಲಿ ನಮ್ಮ ಕೊಟ್ಟಿಗೆ ಗೂಡಲ್ಲಿ ಕೆಲಸದವಳಿಗೆ ಅಂತ ಇಂಥದ್ದೇ ತಟ್ಟೆ, ಲೋಟ ಇಟ್ಟಿದ್ದೀವಿ ಸರ್. ಮುಟ್ಟದಂಗೆ ಎತ್ತರದಿಂದ ಬಡಿಸ್ತೀವಿ. ಅದಕ್ಕೇ ನಮಗೆ ಆ ತಟ್ಟೆ ಪೂರ್ತಿ ದುಂಡಗೆ ಕಾಣುತ್ತೆ. ಕೆಳಗೆ ಕೂತೋಳಿಗೆ ಅಂಚು ಮಾತ್ರ. ಈ ಚಿತ್ರದಲ್ಲಿ ಇಬ್ಬರ ನೋಟಾನೂ ಒಟ್ಟಿಗಿದೆ. ಮೂಡ್ ಅಂದ್ರೆ, ಹಸಿವು ಸರ್."

ಸರ್ ಚಪ್ಪಾಳೆ ತಟ್ಟಿದರು, ಕ್ಲಾಸೂ ತಟ್ಟಿತು. ನನ್ನ ಜೀವಮಾನದ ಮೊದಲ ಚಪ್ಪಾಳೆ. "ಯಾರಮ್ಮಾ ಆಕೆ?" ಎಂದರು. ಪಾಪಕ್ಕ ಎಂದೆ. ಎಂದವಳು ಸುಮ್ಮನಿರದೆ ನಿನ್ನ ಕಡೆ ನೋಡಿದೆ. ನಿಮ್ಮಮ್ಮ ನಮ್ಮ ಮನೆಗೆಲಸದವಳೆಂದು ಇಲ್ಲಿ ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದವಳು ನಾನು. ನನ್ನ ನೋಟದ ಹಿಂದೆಯೇ ಇಡೀ ಕ್ಲಾಸು ನಿನ್ನತ್ತ ತಿರುಗಿತು.

ಊಟದ ಸಾಲಿನಲ್ಲಿ ನಮ್ಮ ಕ್ಲಾಸಿನ ಮುರಳಿ, "ಏಮ್ಮಾ ಶಿರೀಷಾ, ನಿನ್ ಪ್ಲೇಟು ಕೊಟ್ಟಿಗೇಲೇ ಬಿಟ್ಬುಟ್ಟು ಬಂದ್ಯಾ?" ಎಂದಾಗ ಎಲ್ಲರ ಜೊತೆ ನಾನೂ ನಕ್ಕೆ. ಹೆದರಿಕೆಗೆ ನಕ್ಕೆ. ಆದರೆ ನಕ್ಕೆ. ಸಂಜೆ ನಮ್ಮಿಬ್ಬರ ಹಾಸ್ಟೆಲ್ ರೂಮಿನಲ್ಲಿ ಬ್ಯಾಗಿಗೆ ಬಟ್ಟೆ ತುರುಕುತ್ತಾ ನೀನು ಅಂದದ್ದು ಇಷ್ಟೇ: "ಬಡಿಸ್ತೀವಿ ಅಂದ್ಯಲ್ಲ ಕಣೇ, ನಿನ್ ಕೈಯಾರೆ ಎಷ್ಟು ಸಲ ಬಡಿಸ್ದೆ ಅಂತ ಯಾಕೆ ಹೇಳ್ಲಿಲ್ಲ?"

ಕ್ಲಾಸಿನಲ್ಲಿ ಆದದ್ದನ್ನು ಹೇಳಿ, ಆ ತಟ್ಟೆ ಎಸೆಯಿರಿ ಎಂದು ಮನೆಗೆ ಫೋನ್ ಮಾಡಿದೆ. ಮರುದಿನ ಮತ್ತೆ ಮಾಡಿದಾಗ, "ಅವಳ್ನೇ ಬಿಡಿಸ್ಬುಟ್ವಿ ಕಣಮ್ಮ," ಎಂದಳು ಅಮ್ಮ, "ಮನೆ ಮಾತು ಕಾಲೇಜಿನ ತನಕ ಹೋಯ್ತು ಅಂತ ನಿಮ್ಮಪ್ಪಂಗೆ ಸಿಟ್ಟು." ಮಾತಾಡಿದವಳು ನಾನು, ಕೆಲಸ ಹೋದದ್ದು ನಿಮ್ಮಮ್ಮನದು. ನನಗೆ ಯಾರೂ ಒಂದು ಮಾತೂ ಬೈಯಲಿಲ್ಲ.

ಸೋಮವಾರ ನೀನು ಬರದಿದ್ದರೆ ನಿನ್ನ ಹೆಸರು ತೆಗೆದು ಸೀಟನ್ನು ಬೇರೆಯವರಿಗೆ ಕೊಡುತ್ತಾರಂತೆ. ನೀನು ಬರುವುದಾದರೆ ನಾನು ಈ ರೂಮು ಬಿಟ್ಟು ಹೋಗುತ್ತೇನೆ. ನನ್ನ ಮೇಲಿನ ಸಿಟ್ಟು ಎಷ್ಟು ದಿನವಾದರೂ ಇರಲಿ. ನಿನ್ನ ಓದು ಮಾತ್ರ ನಿಲ್ಲದಿರಲಿ.

ಮಾತು ತಪ್ಪಿದ,
ಶಿವರಂಜನಿ

ಬರುತ್ತೀಯೋ ಇಲ್ಲವೋ, ಶನಿವಾರದೊಳಗೆ ಒಂದು ಸಾಲು ಬರೆ.