ಒಂಬತ್ತು ಸಲ ಕಟ್ಟಾದ ಲೈನು

14-11-1968, ಗುರುವಾರ

ಹನೂರು ಲೈನಿನಲ್ಲಿ ಟ್ರಂಕ್ ಕಾಲ್ ಈ ತಿಂಗಳು ಒಂಬತ್ತು ಸಲ ನಡುವೆ ಕಟ್ಟಾಗಿದೆ. ಆಪರೇಟರ್ ಕೆಲಸದಲ್ಲಿರುವ ನಮ್ಮಣ್ಣನ ಮಗಳು ಶಂಕರಮ್ಮನೇ ಪ್ಲಗ್ ಕಿತ್ತಳು ಅಂತ ದೂರು. ಲೈನೇ ಸತ್ತಿತ್ತು ಅಂತ ನಾಳೆ ಸಾಹೇಬರಿಗೆ ನಾನು ಕೊಡೋ ವರದಿಯಲ್ಲಿ ತೋರಿಸದಿದ್ದರೆ ಅವಳ ಕೆಲಸ ಹೋಯ್ತು.

"ಕಾಲ್ ಕಟ್ಟಾದ ಟೈಮು ನಮ್ ಬುಕ್ಕಲ್ಲೊಂದು, ಹನೂರಿನ ಬುಕ್ಕಲ್ಲೊಂದು, ಕೂಡ್ತಾನೇ ಇಲ್ಲ ಚಿಕ್ಕಪ್ಪಾ," ಅಂತ ಅತ್ತಳು.

"ಏಳ್ನೇ ಕ್ಲಾಸ್ ಓದಿರೋ ಲೈನ್‌ಮನ್ ಕಣವ್ವ ನಾನು, ಇಂಜಿನಿಯರ್‌ಗೇ ಪಾಠ ಏಳ್ಕೊಟ್ಟೋನು. ತಕಬಾ ಇಲ್ಲಿ!"

ಹಿಡಿದೇಬಿಟ್ಟೆ. ಹನೂರಿನ ಗಡಿಯಾರ ಹನ್ನೆರಡು ನಿಮಿಷ ಮುಂದೆ ಓಡ್ತಿದೆ. ಅಷ್ಟು ಕಳೆದರೆ ಒಂಬತ್ತೂ ಕೂಡಿದವು. ಎರಡು ಕಡೆಯೂ ಒಂದೇ ಗಳಿಗೆಗೆ ಲೈನು ಸತ್ತಿದೆ; ಇವಳು ಪ್ಲಗ್ ಕಿತ್ತಿದ್ದರೆ ಹನೂರಿನ ಕಡೆ ಲೈನು ಬದುಕಿರ್ತಿತ್ತು. "ನಮ್ ಚಿಕ್ಕಪ್ಪನಂತೋರು ಯಾರವ್ರೆ!" ಅಂತ ಶಂಕರಮ್ಮ ನಕ್ಕು ಮನೆಗೆ ಹೋದಳು.

ಆಮೇಲೆ ಜಂಬಕ್ಕೆ ನನ್ನ ಡ್ಯೂಟಿ ಬುಕ್ಕನ್ನೂ ಪಕ್ಕಕ್ಕಿಟ್ಟು ನೋಡಿದೆ. ಆ ಒಂಬತ್ತು ಸಲವೂ ಕಂಬದ ಮೇಲಿದ್ದವನು ನಾನೇ. ಯಾರ್ಯಾರು ಏನು ಮಾತಾಡ್ತಾರೆ ಅಂತ ಕದ್ದು ಕೇಳಲು ತಂತಿಗೆ ಟೆಸ್ಟ್ ಫೋನ್ ಸಿಕ್ಕಿಸಿದ್ದೆ. ಅದನ್ನು ಸಿಕ್ಕಿಸಿದಾಗಲೆಲ್ಲ ಲೈನು ಸತ್ತಿದೆ.

ಕಾರಣ ಬರೆಯದ ವರದಿಯನ್ನು ಸಾಹೇಬರು ನಂಬಲ್ಲ. ಆ ಜಾಗದಲ್ಲಿ ದೊಡ್ಡಮಾದಪ್ಪ ಅಂತ ನನ್ನ ಹೆಸರು ಬರೆದಿದ್ದೀನಿ. ಇಂಕು ಇನ್ನೂ ಹಸಿ, ಒರೆಸಿದರೆ ಹೋಗುತ್ತೆ. ಅದು ಒಣಗೋ ತನಕ ಕೈ ಕಟ್ಟಿಕೊಂಡು ಕೂತಿರ್ತೀನಿ.