ಒಂಬತ್ತನೇ ಇನ್ನಿಂಗ್ಸಿನ ಮೆಟ್ಟಿಲು

ಆಗಸ್ಟ್ 9, ಮಂಗಳವಾರ

ಹಿತ್ತಿಲ ಮೆಟ್ಟಿಲು. ಒಳಗೆ ಟಿವಿಯಲ್ಲಿ ಬೇಸ್‌ಬಾಲ್, ಎಂಟನೇ ಇನ್ನಿಂಗ್ಸ್ ಮುಗಿಯಿತು, ನಾನು ಎಂದಿನಂತೆ ಹೊರಗೆ ಬಂದೆ. ಕೈಯಲ್ಲಿ ಕಾಫಿ, ಮೊಣಕಾಲ ಮೇಲೆ ಈ ಡೈರಿ. ನಮ್ಮೂರ ತಂಡ ಹೆರನ್ಸ್‌ನವರು ಒಂದೇ ರನ್ ಮುಂದಿದ್ದಾರೆ. ಒಂಬತ್ತನೆಯದು, ಅಂದರೆ ಕೊನೆಯದು, ಮುಗಿಯುವವರೆಗೆ ನನಗೆ ಬೇರೆ ಕೆಲಸವಿಲ್ಲ. ಈ ಡೈರಿ ಹುಟ್ಟಿದ್ದೇ ಹಾಗೆ.

ಸರೋವರದ ಕಡೆಯಿಂದ ಗಾಳಿ. ಪಕ್ಕದ ಮನೆಯಲ್ಲಿ ಮೀನು ಕರಿಯುತ್ತಿದ್ದಾರೆ. ನಮಗೆ ರಾತ್ರಿಗೆ ನಿನ್ನೆಯ ಎಲೆಕೋಸಿನ ಸೂಪು. ಇರಲಿ.

ಬಾಗಿಲು ತೆರೆಯಿತು. ವಿಲ್ಮಾ.

“ಗೆದ್ವಿ. ಬಾ ಒಳಗೆ, ಅಪಶಕುನದ ಗಂಡ.”

“ಹೇಗೆ? ಮೊದಲಿಂದ ಹೇಳು.”

ಹೇಳಿದಳು. ನಮ್ಮ ಪಿಚ್ಚರ್, ಅಂದರೆ ಚೆಂಡು ಎಸೆಯುವ ಹುಡುಗ, ಎಸೆಯುವ ಮುಂಚೆ ಮೂರು ಸಲ ತುಟಿ ನೆಕ್ಕಿಕೊಂಡನಂತೆ. ಎದುರಾಳಿ ಔಟಾದಾಗ ಬ್ಯಾಟನ್ನು ನೆಲಕ್ಕೆ ಬಡಿದು, ಆಮೇಲೆ ನಾಚಿಕೆಯಾಗಿ ಅದರ ಮಣ್ಣು ಒರೆಸಿದನಂತೆ. ಇವಳಷ್ಟು ಚೆನ್ನಾಗಿ ಯಾವ ಕಾಮೆಂಟೇಟರೂ ಹೇಳುವುದಿಲ್ಲ. ಅವರು ಚೆಂಡು ನೋಡುತ್ತಾರೆ, ಇವಳು ಮುಖ ನೋಡುತ್ತಾಳೆ.

ಆಗಸ್ಟ್ 11

ಕ್ಷೌರಕ್ಕೆ ಹೋಗಿದ್ದೆ. ಓರ್ವಿಲ್ ಕತ್ತರಿ ಹಿಡಿದೇ ಶುರು ಮಾಡಿದ. ಈ ವರ್ಷ ತಂಡ ಫೈನಲ್ ತಲುಪೇ ತಲುಪುತ್ತದಂತೆ. ಅದಕ್ಕೆ ಅಂಗಡಿಯ ಗೋಡೆ ತುಂಬ ಹಳೇ ಅಭಿಮಾನಿಗಳ ನೆನಪು ಅಂಟಿಸುತ್ತಾನಂತೆ.

“ನಿನ್ನ ಜನ್ಮದಲ್ಲಿ ಮರೆಯಕ್ಕಾಗದ ಆಟಗಳು ಯಾವ್ಯಾವು? ಬರ್ಕೊಡು ಕ್ಯಾಸ್. ನಿನಗಿಂತ ಹಳೇ ತಲೆ ಈ ಊರಲ್ಲಿ ಉಳಿದಿಲ್ಲ.”

“ನೀನಿದ್ದೀಯಲ್ಲೋ.”

“ನಾನು ತಲೆ ಕತ್ತರಿಸೋನು, ತಲೆ ಅಲ್ಲ. ಅಂದಹಾಗೆ ನಮ್ಮ ಟೀಮಿನ ಆ ಒಸೋರಿಯೊನ ಕೂದಲು ನೋಡಿದ್ಯಾ? ಕಪ್ ಗೆಲ್ಲೋವರೆಗೂ ಕತ್ತರಿ ಮುಟ್ಟಿಸಲ್ವಂತೆ. ಹೋದ್ವರ್ಷ ಮೊಟ್ಟೆ ಥರ ಬೋಳಿಸ್ಕೊಂಡು ತಿರುಗ್ತಿದ್ದ, ಈಗ ನೋಡಿದ್ರೆ ಕುರಿ. ನನ್ನ ಕಸುಬಿಗೇ ಅವಮಾನ!”

ಆಗಸ್ಟ್ 14, ಸಂಜೆ

ಮರೆಯಲಾಗದ ಆಟಗಳು. ಬರೆಯುತ್ತೇನೆ, ನೋಡೋಣ.

ಒಂದು — ನನಗೆ ಹನ್ನೊಂದು. ಅಪ್ಪನ ಜೊತೆ ಹಳೇ ಮರದ ಸ್ಟ್ಯಾಂಡಿನಲ್ಲಿ. ಕೊನೆಯ ಇನ್ನಿಂಗ್ಸ್, ನಮ್ಮವರು ಮೂರು ರನ್ ಹಿಂದೆ. ನನಗೆ ತಡೆಯಲಾಗದಷ್ಟು ಮೂತ್ರ. ಓಡಿದೆ. ಒಳಗಿದ್ದಾಗಲೇ ಹೊರಗೆ ಸ್ಟ್ಯಾಂಡ್ ಕಿತ್ತುಹೋಗುವಂಥ ಗದ್ದಲ. ವಾಪಸು ಬರುವಷ್ಟರಲ್ಲಿ ಗೆದ್ದಾಗಿತ್ತು. ಅಪ್ಪ ನನ್ನನ್ನು ಎತ್ತಿ ಕುಣಿಸಿದ. “ನಿನ್ನ ಕಾಲ್ಗುಣ ಹೊರಗಿದ್ರೇನೇ ಚೆಂದ ಕಣೋ!” ಮುಂದಿನ ವಾರ ಕೂತೇ ಇದ್ದೆ. ಸೋತರು. ಅಲ್ಲಿಗೆ ತೀರ್ಮಾನವಾಯಿತು. ಆಮೇಲೆ ಎಂಟನೆಯದು ಮುಗಿದ ಕೂಡಲೇ ಅಪ್ಪ ಪಕ್ಕೆಗೆ ತಿವಿಯುವುದು, “ಹೊರಡು ಮಗನೇ.” ಸ್ಟ್ಯಾಂಡಿನ ಹಿಂದೆ, ಕಡಲೆಕಾಯಿ ಗಾಡಿಯ ಪಕ್ಕ ನನ್ನ ಜಾಗ.

ಎರಡು — ಕಪ್ ಗೆದ್ದ ವರ್ಷ. ಅದೊಂದೇ ಕಪ್. ಮದುವೆಯಾಗಿ ಎರಡು ತಿಂಗಳು. ನಾನು ಗಾಡಿಯ ಪಕ್ಕ ನಿಂತಿದ್ದೆ, ಗೋಡೆಯ ಆಚೆ ಇಡೀ ಊರು ಕಿರುಚುತ್ತಿತ್ತು. ಗೆದ್ದದ್ದಕ್ಕೋ ಸೋತದ್ದಕ್ಕೋ ಗೊತ್ತಾಗಲಿಲ್ಲ. ವಿಲ್ಮಾ ಓಡಿ ಬಂದಳು. ತೋಳಿನ ತುಂಬ ಸಾಸಿವೆ ಸಾಸ್. ಅಲ್ಲೇ ನಿಂತು ಇಡೀ ಇನ್ನಿಂಗ್ಸನ್ನು ಆಡಿ ತೋರಿಸಿದಳು, ಬ್ಯಾಟ್ ಬೀಸುವ ಭರದಲ್ಲಿ ಯಾರದೋ ಟೋಪಿ ಹಾರಿಸಿದಳು. ಆ ಆಟವನ್ನು ಇವತ್ತಿಗೂ ಎದುರಿಗೇ ನಡೆದ ಹಾಗೆ ಹೇಳಬಲ್ಲೆ. ನಾನು ನೋಡಿದ್ದು ಮಾತ್ರ ಅವಳನ್ನು.

ಮೂರು — ಜ್ವರ ಬಂದಿದ್ದ ವರ್ಷ. ಹೊರಗೆ ಆಲಿಕಲ್ಲು. “ಸಾಯ್ತೀಯಾ, ಒಳಗೇ ಬಿದ್ದಿರು” ಎಂದು ವಿಲ್ಮಾ ಕಂಬಳಿ ಹೊದಿಸಿ ಕೂರಿಸಿದಳು. ಕೊನೆಯ ಚೆಂಡು ನಮ್ಮವನ ಎರಡು ಕಾಲಿನ ನಡುವೆ ತೂರಿಹೋಯಿತು. ಸೀಸನ್ನೇ ಹೋಯಿತು. ಓರ್ವಿಲ್ ಒಂದು ತಿಂಗಳು ಮಾತಾಡದೆ ಕ್ಷೌರ ಮಾಡಿದ. ಕತ್ತಿ ಅವನ ಕೈಯಲ್ಲಿತ್ತು, ನಾನೂ ಸುಮ್ಮನಿದ್ದೆ.

ಬರೆದು ನೋಡಿದರೆ ನಗು ಬರುತ್ತದೆ. ಜೀವಮಾನವಿಡೀ ಬೇಸ್‌ಬಾಲ್. ನಾನು ಕೊನೆಯವರೆಗೆ ನೋಡಿದ್ದು ಸೋತದ್ದನ್ನು ಮಾತ್ರ. ಗೋಡೆಗೆ ಇದನ್ನು ಹೇಗೆ ಅಂಟಿಸುವುದು?

ಆಗಸ್ಟ್ 24

ಮೆಟ್ಟಿಲು. ಸೊಳ್ಳೆ. ಬಾಗಿಲು ತೆರೆಯಿತು, ಗೆದ್ದಿದ್ದೇವೆ.

ಒಳಗೆ ಹೋಗಿ ಕೂತೆ. ವಿಲ್ಮಾ ಕೈ ಆಡಿಸುತ್ತಾ ಹೇಳುತ್ತಿದ್ದಳು — “ಒಸೋರಿಯೊ ಬೇಲಿ ತನಕ ಓಡಿದ ಕ್ಯಾಸ್, ಎಗರಿ ಹಿಡ್ದ, ಟೋಪಿ ಹಾರಿ ಬಿತ್ತು. ಬೋಳುತಲೆ ದೀಪದ ಬೆಳಕಿಗೆ ಫಳಫಳ ಅಂತಿತ್ತು!”

ನಾನು ನಕ್ಕೆ. ನಕ್ಕ ಮೇಲೆ…

ಇವತ್ತು ಎಂಟು ಇನ್ನಿಂಗ್ಸ್ ಇಬ್ಬರೂ ಒಂದೇ ಸೋಫಾದಲ್ಲಿ ಕೂತಿದ್ದೆವು. ಅವನ ಕೂದಲು ಟೋಪಿಯ ಕೆಳಗಿಂದ ಭುಜದವರೆಗೆ ಇಳಿದಿದೆ. ಟಿವಿಯಲ್ಲಿ ಅದೇ ಎದ್ದು ಕಾಣುತ್ತದೆ.

ಅವಳು ಸ್ಟೌವಿನ ಗುಂಡಿಯನ್ನು ಬೆರಳಿನಿಂದ ಹುಡುಕಿ ಆರಿಸಿದಳು. ಇದನ್ನು ಎಷ್ಟು ದಿನದಿಂದ ಮಾಡುತ್ತಿದ್ದಾಳೆ?

ಆಗಸ್ಟ್ 28

ಮಗಳು ಟೆಸ್‌ಗೆ ಫೋನ್ ಮಾಡಿದೆ. ವಿಲ್ಮಾ ಚರ್ಚಿಗೆ ಹೋಗಿದ್ದಾಗ. ಅದೂ ಪಕ್ಕದ ಮನೆಯಾಕೆಯ ತೋಳು ಹಿಡಿದು. ನಾನು ಅದನ್ನು ಗೆಳೆತನ ಎಂದುಕೊಂಡಿದ್ದೆ.

“ಅಮ್ಮನ ಕಣ್ಣಿಗೆ ಏನಾಗಿದೆ?”

ಆ ಕಡೆ ಅವಳು ಅತ್ತೇಬಿಟ್ಟಳು. ಜನವರಿಯಲ್ಲೇ ಡಾಕ್ಟರು ಹೇಳಿದರಂತೆ. ನೋಟದ ನಡುಭಾಗ ಹೋಗಿದೆ, ಅಂಚಿನಲ್ಲಿ ಮಾತ್ರ ಸ್ವಲ್ಪ ಬೆಳಕು, ನೆರಳು. ವಾಪಸು ಬರುವುದಿಲ್ಲ. ಇರುವುದೂ ಬರುವ ವರ್ಷಕ್ಕೆ ಇರುವುದು ಅನುಮಾನ.

“ನಂಗೆ ಯಾಕೆ ಹೇಳ್ಲಿಲ್ಲ?”

“ಅಮ್ಮ ಆಣೆ ಹಾಕಿಸ್ಕೊಂಡ್ಳು ಅಪ್ಪಾ. ‘ಅವನು ಮೆಟ್ಟಿಲ ಮೇಲೆ ನನ್ನ ನಂಬ್ಕೊಂಡು ಕೂತಿರ್ತಾನೆ. ಅವನ ಆಟ ಹಾಳಾಗೋದು ಬೇಡ’ ಅಂದ್ಳು.”

ಈ ಸೀಸನ್ ಪೂರ್ತಿ ಟಿವಿಯ ಸದ್ದು ಕೇಳಿಕೊಂಡು, ಉಳಿದದ್ದನ್ನು ಅವಳೇ ಕಟ್ಟಿ ಹೇಳಿದ್ದಾಳೆ. ತುಟಿ ನೆಕ್ಕಿದ ಪಿಚ್ಚರ್. ಮಣ್ಣು ಒರೆಸಿದ ಬ್ಯಾಟು. ಎಲ್ಲಾ ನನಗಾಗಿ.

ಗ್ಯಾರೇಜಿಗೆ ಹೋಗಿ ಅತ್ತೆ. ಬರೆಯಲು ನಾಚಿಕೆಯೇನೂ ಇಲ್ಲ.

ಸೆಪ್ಟೆಂಬರ್ 6

ಇಷ್ಟು ದಿನ ಡೈರಿ ಮುಟ್ಟಲಿಲ್ಲ. ಆಟಗಳು ನಡೆದವು. ಮೆಟ್ಟಿಲ ಮೇಲೆ ಸುಮ್ಮನೆ ಕೂತೆ. ಅವಳು ಬಂದು ಹೇಳಿದಳು, ನಾನು ಬಾಯಿ ತೆರೆದು ಕೇಳಿದೆ. ಹೆರನ್ಸ್ ಫೈನಲ್‌ಗೆ ಬಂದಾಯಿತು. ಊರೆಲ್ಲ ನೀಲಿ ಬಾವುಟ.

ಇವತ್ತು ಊಟದ ಹೊತ್ತಿಗೆ ಬಾಯಿಂದ ಬಂದೇಬಿಟ್ಟಿತು.

“ವಿಲ್ಮಾ, ಒಸೋರಿಯೊಗೆ ಈಗ ಕೂದಲಿದೆ.”

ಚಮಚ ನಿಂತಿತು. “ಎಷ್ಟು?”

“ಭುಜದ ತನಕ.”

“ಅಯ್ಯೋ.” ಚಮಚ ಕೆಳಗಿಟ್ಟಳು. “ಬೋಳುತಲೆ ಚೆನ್ನಾಗಿತ್ತಲ್ವಾ, ಆದ್ರೂ?”

“ತುಂಬಾ ಚೆನ್ನಾಗಿತ್ತು.”

ಇಬ್ಬರೂ ನಕ್ಕೆವು. ನಗುವಿನ ನಡುವೆಯೇ ಅವಳ ಮುಖ ಸಣ್ಣದಾಯಿತು. ಕೈ ಹಿಡಿದುಕೊಂಡೆ.

“ನಂಗೊಂದು ಆಸೆ ಕ್ಯಾಸ್. ಫೈನಲ್ಲಿಗೆ ಗ್ರೌಂಡಿಗೇ ಹೋಗೋಣ. ಒಂಬತ್ತನೇದು ನೀನು ನೋಡು, ನೋಡಿ ನಂಗೆ ಹೇಳು. ಮುಂದಿನ ವರ್ಷ ಅಷ್ಟು ಬೆಳಕೂ ಇರುತ್ತೋ ಇಲ್ವೋ.”

“ನಾನು ನೋಡಿದ್ರೆ ಸೋಲ್ತಾರೆ.”

“ಸೋತ್ರೆ ಸೋಲ್ಲಿ. ಸೋತ ಮುಖಾನೂ ನೋಡ್ಬೇಕು ನಂಗೆ.”

“ಟಿವಿಯವರು ಹೇಳ್ತಾರಲ್ಲ…”

“ಅವರು ಚೆಂಡು ಎಲ್ಲಿ ಹೋಯ್ತು ಅಂತಾರೆ. ನಂಗದು ಬೇಡ. ನಾನು ನಿಂಗೆ ಹೇಳ್ತಿದ್ದಂಗೆ ಹೇಳು.”

ತಟ್ಟೆ ತೊಳೆಯಲು ಎದ್ದೆ.

ಸೆಪ್ಟೆಂಬರ್ 15

ಫೈನಲ್ ಐದು ಆಟದ್ದು, ಇಬ್ಬರೂ ಎರಡೆರಡು ಗೆದ್ದು ಸಮ. ಭಾನುವಾರ ಮಧ್ಯಾಹ್ನ ನಮ್ಮ ಗ್ರೌಂಡಿನಲ್ಲೇ ಕೊನೆಯ ಆಟ. ಟೆಸ್ ಎರಡು ಟಿಕೆಟ್ ಕಳಿಸಿದ್ದಾಳೆ.

ಓರ್ವಿಲ್‌ಗೆ ಹೇಗೋ ಸುಳಿವು ಸಿಕ್ಕಿದೆ. ಕುರ್ಚಿಯಲ್ಲಿ ಕೂರಿಸಿ, ಬಟ್ಟೆ ಕಟ್ಟಿ, ಕನ್ನಡಿಯಲ್ಲಿ ನನ್ನ ಕಣ್ಣನ್ನೇ ನೋಡಿದ.

“ಗ್ರೌಂಡಿಗೆ ಬರ್ತಿದ್ದೀಯಂತೆ. ಬಾ, ಬೇಡ ಅನ್ನಲ್ಲ. ಒಂಬತ್ತನೇದಕ್ಕೆ ಕಡಲೆಕಾಯಿ ಗಾಡಿ ಹತ್ರ ಇರ್ತೀಯಲ್ಲ?”

ಕನ್ನಡಿಯಿಂದ ಕಣ್ಣು ತೆಗೆದು ಕೊರಳಿನ ಬಟ್ಟೆ ಸಡಿಲಿಸಿಕೊಂಡೆ.

“ಕ್ಯಾಸ್, ನಂಗೆ ಎಪ್ಪತ್ತೈದು. ಇನ್ನೊಂದು ಕಪ್ ನೋಡಿ ಸಾಯ್ಬೇಕು ಅಂತಿದೀನಿ ಮಾರಾಯ.”

ತಮಾಷೆಯಲ್ಲ. ಅವನ ಕಣ್ಣು ತುಂಬಿತ್ತು. ನನಗೂ ಆಸೆಯಿದೆ, ಕಪ್ ಬೇಡವೇ? ಅಪ್ಪನ ಹಳೇ ಟೋಪಿ ಇನ್ನೂ ಮೊಳೆಗೆ ತೂಗುತ್ತಿದೆ. ಹುಚ್ಚು ನಂಬಿಕೆ ಎಂದು ತಲೆಗೆ ಗೊತ್ತು. ಎಂಟನೆಯದು ಮುಗಿದರೆ ಕಾಲು ತಾನಾಗಿ ಏಳುತ್ತದೆ, ಅದಕ್ಕೆ ಏನು ಮಾಡಲಿ?

ಸೆಪ್ಟೆಂಬರ್ 18, ಭಾನುವಾರ — ಬೆಳಿಗ್ಗೆ

ವಿಲ್ಮಾ ನೀಲಿ ಸ್ವೆಟರ್ ಹಾಕಿಕೊಂಡಿದ್ದಾಳೆ. ಗುಂಡಿ ಒಂದು ಮನೆ ತಪ್ಪಿತ್ತು. ಸರಿಮಾಡಿದೆ. “ಇದನ್ನೂ ನೋಡ್ಬಿಟ್ಯಾ” ಎಂದಳು.

ಅದೇ ದಿನ, ಮಧ್ಯಾಹ್ನ

ಕಡಲೆಕಾಯಿ ಗಾಡಿಯ ಪಕ್ಕ. ಹೌದು, ಎದ್ದು ಬಂದೆ. ಎಂಟನೆಯದು ಮುಗಿಯಿತು, ಇಬ್ಬರದೂ ಒಂದೊಂದು ರನ್, ಸಮ. ವಿಲ್ಮಾ ನನ್ನ ಕಾಲಿಗೆ ದಾರಿ ಬಿಡಲು ತನ್ನ ಮೊಣಕಾಲು ಸರಿಸಿದಳು, ಅಷ್ಟೆ. ಮೇಲಿನ ಸಾಲಿನಿಂದ ಓರ್ವಿಲ್ ಎದೆ ಮುಟ್ಟಿಕೊಂಡು ಥ್ಯಾಂಕ್ಸ್ ಅಂದ.

ಎದುರಾಳಿಗಳ ಸರದಿ ಮುಗಿದಿರಬೇಕು, ಬ್ಯಾಂಡ್ ಹೊಡೆಯುತ್ತಿದ್ದಾರೆ. ಈಗ ನಮ್ಮವರ ಬ್ಯಾಟಿಂಗ್. ಗೋಡೆಯ ಆಚೆ ಒಮ್ಮೆಲೇ ಹೋ ಎಂದರು. ಯಾಕೆ?

ನನಗೆ ಗೊತ್ತಿಲ್ಲ. ಅಲ್ಲಿ ಕೂತವಳಿಗೂ ಗೊತ್ತಿಲ್ಲ. ಮುಗಿದ ಮೇಲೆ ಓಡಿ ಬಂದು ಹೇಳುವುದಕ್ಕೂ ಯಾರಿಲ್ಲ. ಅಷ್ಟು ಜನರ ನಡುವೆ ಅವಳು ಒಬ್ಬಳೇ, ಪಕ್ಕದ ಸೀಟು ಖಾಲಿ. ನಾನು ಇಲ್ಲಿ ಅದೃಷ್ಟ ಕಾಯುತ್ತಿದ್ದೇನೆ.

ಸಾಕು ಅಪ್ಪಾ. ಕ್ಷಮಿಸು. ಹೋಗುತ್ತೇನೆ.

ಸೀಟಿನಲ್ಲಿ

ಓರ್ವಿಲ್ ಹಿಂದಿನಿಂದ “ಕ್ಯಾಸ್! ಲೇ, ಕ್ಯಾಸ್!” ಎಂದು ಕೂಗಿದ. ತಿರುಗಲಿಲ್ಲ.

ವಿಲ್ಮಾ ನನ್ನ ತೋಳು ತಡವಿ ನೋಡಿದಳು. “ಯಾರು?”

“ಅಪಶಕುನದ ಗಂಡ.”

ಬಿಗಿಯಾಗಿ ಹಿಡಿದುಕೊಂಡಳು. “ಹೇಳು.”

ಇಬ್ಬರು ಔಟ್, ಇನ್ನೊಬ್ಬ ಔಟಾದರೆ ಸರದಿ ಮುಗಿಯಿತು. ಮೂರನೇ ಬೇಸಿನಲ್ಲಿ ನಮ್ಮ ಹುಡುಗ. ಅವನು ಓಡಿ ಬಂದು ಕೊನೆಯ ಬೇಸ್ ಮುಟ್ಟಿದರೆ ಒಂದು ರನ್, ಕಪ್ ನಮ್ಮದು. ಬ್ಯಾಟಿಗೆ ಒಸೋರಿಯೊ. ಕೂದಲನ್ನು ಶೂ ಲೇಸಿನಲ್ಲಿ ಕಟ್ಟಿಕೊಂಡಿದ್ದಾನೆ ಎಂದೆ. “ಯಾವ ಬಣ್ಣದ ಲೇಸು?” ಹಳದಿ. ಅವರ ಪಿಚ್ಚರ್‌ನ ಕಿವಿ ಕೆಂಪಾಗಿದೆ ಎಂದೆ. “ಎರಡೂ?” ಎಡಗಿವಿ ಜಾಸ್ತಿ. ಹುಡುಗ ಅಳುವ ಹಾಗಿದ್ದಾನೆ ಎಂದೆ. “ಪಾಪ” ಎಂದಳು, ಎದುರಾಳಿಗೆ!

ಹೇಳುತ್ತಲೇ ಮೊಣಕಾಲ ಮೇಲೆ ಬರೆಯುತ್ತಿದ್ದೇನೆ.

“ಏನು ಗೀಚ್ತಿದ್ದೀಯ? ನೋಡು, ಬರೀಬೇಡ.”

ಚೆಂಡು ಎಸೆಯಲು ಕಾಲೆತ್ತಿದ. ಒಸೋರಿಯೊ ಬ್ಯಾಟು… ವಿಲ್ಮಾ ನನ್ನ ಪೆನ್ನು ಕಿತ್ತು—