ಬೀಗಿತ್ತಿಯವರ ಬೂಟು

ನನ್ನ ಬೀಗಿತ್ತಿ ಸುಮಂಗಲಾ ಅವರೆ,

ಇನ್ಸ್‌ಬ್ರುಕ್‌ನಿಂದ ಮೊನ್ನೆ ಮನೆಗೆ ಬಂದೆ. ಸೂಟ್‌ಕೇಸು ಇನ್ನೂ ಹಾಲ್‌ನಲ್ಲಿ ಬಾಯಿ ಬಿಟ್ಟುಕೊಂಡು ಬಿದ್ದಿದೆ. ನಾನು ಎರಡೂ ಮೊಣಕಾಲಿಗೆ ಐಸ್ ಕಟ್ಟಿಕೊಂಡು ಸೋಫಾದ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಹ್ಯೂಸ್ಟನ್‌ನ ಸೆಕೆ, ಒಳಗೆ ಎಸಿ. ಯಾರಿಗಾದರೂ ಫೋನ್ ಮಾಡಿ ಹೇಳಿಕೊಳ್ಳಬಹುದಿತ್ತು, ಆದರೆ ಈ ಪ್ರವಾಸದ ಲೆಕ್ಕ ಒಪ್ಪಿಸಬೇಕಾದದ್ದು ನಿಮಗೆ ತಾನೆ? ಬದುಕಿದ್ದಾಗ ಒಂದು ವಾಕ್ಯ ಪೂರ್ತಿ ಹೇಳಲು ಬಿಟ್ಟವರಲ್ಲ ನೀವು. ಈಗಲಾದರೂ ಸುಮ್ಮನೆ ಕೇಳಿ.

ಆಸ್ಟಿನ್‌ನಲ್ಲಿ ನಮ್ಮ ನಿಖಿಲ್‌ಗೂ ನಿಮ್ಮ ದೀಪ್ತಿಗೂ ಮದುವೆಯಾದ ದಿನ ನೆನಪಾಗುತ್ತದೆ. ನಾನು ಕೂರುವವರೆಗೆ ನೀವು ಕೂರಲಿಲ್ಲ. ನನ್ನ ಎಲೆಗೆ ಬಡಿಸಿದ ಮೇಲೂ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದಿರಿ. ನನಗೆ ರೇಗಿಹೋಗಿ, "ಕೂತ್ಕೊಳ್ಳಿ ಮಾರಾಯ್ತಿ, ನಾನೇನು ಇನ್ಸ್‌ಪೆಕ್ಷನ್‌ಗೆ ಬಂದಿದೀನಾ?" ಅಂದೆ. ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಮಗಳನ್ನು ಒಪ್ಪಿಸಿಕೊಡುವಾಗ ಮಾತ್ರ ನೀವೊಬ್ಬರೇ ಅತ್ತಿರಿ. ದೀಪ್ತಿ ಕಣ್ಣಲ್ಲಿ ಒಂದು ಹನಿ ಇಲ್ಲ. "ಅಕಿ ಸಣ್ಣಾಕಿ ಇದ್ದಾಗಿಂದ ಹಂಗಽ ರಿ," ಅಂತ ನನಗೇ ಸಮಾಧಾನ ಹೇಳಿದಿರಿ.

ಆಮೇಲೆ ನಮ್ಮ ಶನಿವಾರಗಳು ಶುರುವಾದವು. ನೀವು ಡಾಲಸ್ ಕಡೆಯ ಪ್ರಾಸ್ಪರ್‌ನಿಂದ, ನಾನು ಹ್ಯೂಸ್ಟನ್ ಕಡೆಯ ವುಡ್‌ಲ್ಯಾಂಡ್ಸ್‌ನಿಂದ, ಡ್ರೈವ್ ಮಾಡಿಕೊಂಡು ಮಕ್ಕಳ ಮನೆಗೆ ಬರುತ್ತಿದ್ದೆವು. ನಿಮ್ಮೂರೂ ಚಪ್ಪಟೆ, ನಮ್ಮೂರೂ ಚಪ್ಪಟೆ. ಏರು ಅಂತ ಒಂದಿಷ್ಟು ಇದ್ದದ್ದು ಆಸ್ಟಿನ್‌ನಲ್ಲೇ. ಹಳ್ಳದ ದಂಡೆಯ ಆ ಕಲ್ಲುದಾರಿಯಲ್ಲಿ ನಾನು ಮುಂದೆ, ದೀಪ್ತಿ ನಡುವೆ, ನೀವು ಕಟ್ಟಕಡೆಗೆ. ಒಂದು ದಿನವೂ ಮುಂದೆ ಬರಲಿಲ್ಲ ನೀವು. "ಗಂಡಿನ ತಾಯಿ ಮುಂದ ಇರಬೇಕ್ರಿ. ನಮ್ಮ ಕಡೆ ಪದ್ಧತಿ," ಅಂದಿರಿ. "ಹಾವು ಕಚ್ಚಿದ್ರೆ ಮೊದಲು ನನಗೇ ಕಚ್ಚಲಿ ಅಂತ ತಾನೆ?" ಅಂತ ನಾನು ಕಿಚಾಯಿಸುತ್ತಿದ್ದೆ. ತಿರುವಿನಲ್ಲಿ ನಿಮ್ಮ ಸದ್ದು ಕೇಳದಿದ್ದರೆ, "ಬೀಗಿತ್ತಿಯವರೆ!" ಅಂತ ಕೂಗುತ್ತಿದ್ದೆ. ಹಿಂದಿನಿಂದ ಬರುತ್ತಿತ್ತು ನಿಮ್ಮ ಉತ್ತರ: "ಬಂದೆರಿ, ಬಂದೆ. ನಡೀರಿ ನೀವು."

ಇನ್ಸ್‌ಬ್ರುಕ್ ಹುಚ್ಚು ಹಿಡಿಸಿದವರು ನೀವೇ. ಸ್ಕೂಲಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದವರು, ಒಂದು ಶನಿವಾರ ಫೋನ್ ಹಿಡಿದುಕೊಂಡು ಬಂದು, "ನೋಡ್ರಿಲ್ಲೆ, ಪ್ಯಾಟಿ ಬೀದಿ ಮುಗಿದಲ್ಲೆ ಗುಡ್ಡ ನಿಂತದ," ಅಂತ ತೋರಿಸಿದಿರಿ. ನಿಜಕ್ಕೂ ಊರಿನ ಸುತ್ತ ಬೆಟ್ಟ, ಬೆಟ್ಟದ ಮೈತುಂಬ ಕಾಲುದಾರಿ. ದಾರಿಯ ಹಳದಿ ಬೋರ್ಡುಗಳಲ್ಲಿ ಮೈಲಿ ಬರೆದಿರುವುದಿಲ್ಲ, ಎಷ್ಟು ಗಂಟೆಯ ನಡಿಗೆ ಅಂತ ಬರೆದಿರುತ್ತಾರೆ. "ಯಾರ ತಾಸು ಅದು? ಅವರ ತಾಸೋ, ನಮ್ಮ ತಾಸೋ?" ಅಂತ ನಿಮ್ಮ ತಕರಾರು. ನಿಮ್ಮ ಯಜಮಾನರು, ನಡಿಗೆ ಎಂದರೆ ಕಾರಿನವರೆಗೆ ಎಂದು ನಂಬಿದ ಮನುಷ್ಯ, "ನನ್ನನ್ನು ಬಿಟ್ಟುಬಿಡಿ" ಅಂದರು. ಸರಿ, ನಾವು ಮೂರು ಜನ ಹೆಂಗಸರು ಹೋಗುವುದು ಅಂತ ನಿಶ್ಚಯವಾಯಿತು. ನೀವು ಮರುವಾರವೇ ಬೂಟು ತಂದಿರಿ. ಕಂದು ಬಣ್ಣದ್ದು, ಗಟ್ಟಿ ಹಿಮ್ಮಡಿ. ಪಳಗಿಸಬೇಕು ಅಂತ ಮನೆಯೊಳಗೂ ಅದನ್ನೇ ಹಾಕಿಕೊಂಡು ಬಾಣಲೆ ಮುಂದೆ ನಿಂತು ಮಿರ್ಚಿ ಕರಿದವರು ಪ್ರಪಂಚದಲ್ಲಿ ನೀವೊಬ್ಬರೇ ಇರಬೇಕು.

ಕಾಯಿಲೆ ಗೊತ್ತಾದ ದಿನ ನೀವು ಫೋನಿನಲ್ಲಿ ಹೇಳಿದ್ದು, "ಟ್ರೀಟ್‌ಮೆಂಟ್ ಹ್ಯೂಸ್ಟನ್‌ನ್ಯಾಗ ಅಂತ್ರಿ. ನಿಮ್ಮನಿಗೆ ಬಂದು ಇರ್ಲೇನು?" ಇರಲೇನು ಅಂತ ಕೇಳುವುದೇ? ನನಗೆ ಇವತ್ತಿಗೂ ಸಿಟ್ಟು ಬರುತ್ತದೆ ಆ ಪ್ರಶ್ನೆಗೆ. ನಿಮ್ಮನ್ನು ಆಸ್ಪತ್ರೆಗೆ ಕರೆದೊಯ್ದಾಗಲೆಲ್ಲ ನಾವು ಬೇಗ ಹೋಗಿ ಅಲ್ಲಿನ ಪಾರ್ಕಿಂಗ್ ಗ್ಯಾರೇಜಿನ ಮೆಟ್ಟಿಲು ಹತ್ತುತ್ತಿದ್ದೆವಲ್ಲ. ಈ ಊರಲ್ಲಿ ಬೆಟ್ಟ ಅಂದರೆ ಅದೇ. ಬೆನ್ನಿನ ಚೀಲದಲ್ಲಿ ಭಾರಕ್ಕೆ ಸೋನಾಮಸೂರಿ ಅಕ್ಕಿ, ಕಾಲಲ್ಲಿ ಆ ಬೂಟು. ಮೇಲಿನ ಮಹಡಿ ಮುಟ್ಟಿ, ಏದುಸಿರು ಬಿಟ್ಟು, ಲಿಫ್ಟ್‌ನಲ್ಲಿ ಇಳಿದುಬರುತ್ತಿದ್ದೆವು. ಮೊಣಕಾಲು ಉಳಿಸಬೇಕಲ್ಲ! ಡಾಕ್ಟರ್ ಆಗಿ ತಲೆ ನರೆಸಿಕೊಂಡ ನನಗಾದರೂ ಬುದ್ಧಿ ಬೇಡವೇ? ಹತ್ತುವುದನ್ನೇ ಕಲಿತೆವು, ಇಳಿಯುವುದನ್ನು ಒಂದು ದಿನವೂ ಕಲಿಯಲಿಲ್ಲ.

ಬರಬರುತ್ತಾ ಮೇಲಿನ ಮಹಡಿ ದೂರವಾಯಿತು. ಚೀಲದಲ್ಲಿ ಅಕ್ಕಿಯ ಜಾಗಕ್ಕೆ ಒಂದು ಪೊಟ್ಟಣ ತೊಗರಿಬೇಳೆ ಬಂತು. ಆಮೇಲೆ ಖಾಲಿ ಚೀಲ. ಕೊನೆಗೊಂದು ದಿನ ಮೊದಲ ಮಹಡಿಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟಿರಿ. ಬೂಟಿನ ದಾರ ಬಿಚ್ಚುತ್ತಾ, ನನ್ನ ಮುಖ ನೋಡದೆ ಹೇಳಿದಿರಿ: "ನಾ ಬರೂದು ಆಗೂದಿಲ್ಲ ಬಿಡ್ರಿ. ನೀವಿಬ್ರು ಹೋಗಿ ಬರ್ರಿ. ದೀಪ್ತಿ ನಾ ಹೋದ್ರೂ ಅಳೂದಿಲ್ಲ, ನನಗ ಗೊತ್ತದ. ಎದಿಯೊಳಗ ಇಟಗೊಂಡು ಕೂಡ್ತಾಳ. ಒಮ್ಮೆ ಆದ್ರೂ ಅಕಿನ್ನ ಅಳಿಸ್ಕೊಂಡು ಬರ್ರಿ." ಇದೆಂಥ ಕೆಲಸ ಒಪ್ಪಿಸಿದಿರಿ ನನಗೆ? ಬೇರೆ ಏನಾದರೂ ಕೇಳಬಾರದಿತ್ತೇ?

ನೀವು ಹೇಳಿದ್ದೇ ಆಯಿತು. ನಿಮ್ಮನ್ನು ಕಳಿಸಿಕೊಟ್ಟ ದಿನ ದೀಪ್ತಿ ಬಂದವರಿಗೆಲ್ಲ ಕಾಫಿ ಕೊಟ್ಟಳು, ಖುರ್ಚಿ ಹಾಕಿದಳು, ಮರುವಾರ ಕೆಲಸಕ್ಕೆ ಹೋದಳು. ಏನು ಕೇಳಿದರೂ, "ಐಯಾಮ್ ಫೈನ್, ಅತ್ತೆ." ನಿಖಿಲ್ ಮಾತ್ರ ಫೋನ್ ಮಾಡಿ, "ಅಮ್ಮ, ಶಿ ಈಸ್ ನಾಟ್ ಫೈನ್. ಊಟ ಮಾಡ್ತಾಳೆ, ನಗ್ತಾಳೆ, ಆದ್ರೆ ಮನೇಲಿ ಇಲ್ಲವೇ ಇಲ್ಲ ಅನ್ಸತ್ತೆ," ಅಂತ ಅಳುತ್ತಿದ್ದ. ಅವನು ಅತ್ತು ಏನು ಪ್ರಯೋಜನ? ಬೇಸಿಗೆ ಬಂದಾಗ ನಾನೇ ಗಟ್ಟಿ ಮನಸ್ಸು ಮಾಡಿ, "ಟಿಕೆಟ್ ಬುಕ್ ಮಾಡ್ತಾ ಇದೀನಿ, ನಿಮ್ಮಮ್ಮನ ಬೆಟ್ಟಕ್ಕೆ ಹೋಗೋಣ," ಅಂದೆ. "ಶೂರ್," ಅಂದಳು, ನಾನೇನೋ ಕಾಸ್ಟ್‌ಕೋಗೆ ದಿನಸಿ ತರಲು ಹೋಗೋಣ ಅಂದ ಹಾಗೆ.

ಇನ್ಸ್‌ಬ್ರುಕ್‌ನಲ್ಲಿ ಮೊದಲ ಬೆಳಿಗ್ಗೆ ಅವಳು ಹೋಟೆಲಿನ ಬಾಗಿಲಲ್ಲಿ ಕೂತು ಬೂಟು ಕಟ್ಟುತ್ತಿದ್ದಳು. ಕಂದು ಬಣ್ಣ, ಗಟ್ಟಿ ಹಿಮ್ಮಡಿ. ನನಗೆ ಹೇಳದೆ ತಂದಿದ್ದಾಳೆ ನಿಮ್ಮ ಬೂಟು! ಊರ ನಡುವಿನಿಂದಲೇ ಒಂದು ಪುಟ್ಟ ರೈಲು ನಮ್ಮನ್ನು ಬೆಟ್ಟದ ಬುಡಕ್ಕೆ ಎತ್ತಿ ಬಿಟ್ಟಿತು. ಅಲ್ಲಿಂದ ಪೈನ್ ಮರಗಳ ನಡುವೆ ಕಾಲುದಾರಿ. ಬಂಡೆಗಳ ಮೇಲೆ ಕೆಂಪು ಬಿಳಿ ಬಣ್ಣದ ಗುರುತು, ಕಣಿವೆಯಲ್ಲಿ ಹೊಳೆ, ಎದುರುಗಡೆ ಮತ್ತೊಂದು ಸಾಲು ಬೆಟ್ಟ. ಹತ್ತಿದೆವು, ಬೀಗಿತ್ತಿಯವರೆ! ನಿಮ್ಮ ಗ್ಯಾರೇಜಿನ ಮೆಟ್ಟಿಲು ಸುಳ್ಳಾಗಲಿಲ್ಲ. ಬೋರ್ಡಿನ ಗಂಟೆಗಿಂತ ತುಂಬ ತಡವಾಗಿ, ಅಂದರೆ ನಮ್ಮ ತಾಸಿನ ಪ್ರಕಾರ, ದನ ಮೇಯುವ ಹುಲ್ಲುಗಾವಲಿನ ಮರದ ಹೋಟೆಲು ಮುಟ್ಟಿದೆವು. ಸೂಪು ಕುಡಿದೆವು. ಹಸುಗಳ ಕೊರಳಗಂಟೆ ಕೇಳುತ್ತಿತ್ತು. ದೀಪ್ತಿ ಫೋಟೊ ತೆಗೆದಳು, "ಇಟ್ಸ್ ಪ್ರಿಟಿ," ಅಂದಳು. ಅಷ್ಟೇ. ನಾನು ಸೂಪಿನ ದುಡ್ಡು ಕೊಟ್ಟು ಚೀಲ ಹೆಗಲಿಗೇರಿಸಿದೆ. ಇಷ್ಟು ದೂರ ಬಂದದ್ದೂ ದಂಡವಾಯಿತೇ ಅನ್ನಿಸಿತು.

ಇಳಿಯಲು ಶುರುಮಾಡಿದ ಸ್ವಲ್ಪ ಹೊತ್ತಿಗೇ ನನ್ನ ಕಾಲು ಕೈಕೊಟ್ಟಿತು. ಕಡಿದಾದ ಇಳಿಜಾರು, ಸಡಿಲ ಕಲ್ಲು, ಮೇಲೆದ್ದ ಬೇರು. ತೊಡೆ ಗಡಗಡ ನಡುಗುತ್ತಿದೆ. ಅಭ್ಯಾಸಬಲದಿಂದ ನಾನೇ ಮುಂದಿದ್ದೆ. ಹಿಂದೆ ಆ ಗಟ್ಟಿ ಹಿಮ್ಮಡಿಯ ಸದ್ದು, ಗ್ಯಾರೇಜಿನಲ್ಲಿ ಅಷ್ಟು ದಿನ ಕೇಳಿದ ಅದೇ ಸದ್ದು. ಎಡಗಾಲು ಜಾರಿತು. ಒಂದು ಕೊಂಬೆ ಹಿಡಿದುಕೊಂಡು ಕೂಗಿಬಿಟ್ಟೆ: "ಬೀಗಿತ್ತಿಯವರೆ! ಸ್ವಲ್ಪ ಕೈ ಕೊಡಿ!"

"ಬಂದೆರಿ, ಬಂದೆ. ನಿಂದರ್ರಿ ಅಲ್ಲೇ."

ಅದೇ ದನಿ, ಅದೇ ರಾಗ. ನನಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ತಿರುಗಿದರೆ ನೀವು ಅಲ್ಲಿ...

ಕೊನೆಗೆ ತಿರುಗಿದೆ. ದೀಪ್ತಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಿಂತಿದ್ದಳು. ಡಾಲಸ್‌ನಲ್ಲಿ ಬೆಳೆದ ಹುಡುಗಿ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. "ಐ ಡಿಡಂಟ್ ಈವನ್ ಥಿಂಕ್, ಅತ್ತೆ. ಇಟ್ ಜಸ್ಟ್ ಕೇಮ್," ಅಂದಳು. ಹಾಗೇ ದಾರಿಯ ಮೇಲೆ ಕುಸಿದು ಕೂತಳು. ಅತ್ತಳು, ಸುಮಂಗಲಾ ಅವರೆ. ಮಗು ಅಳುವ ಹಾಗೆ, ಮೂಗು ಬಾಯಿ ಎಲ್ಲ ಒಂದು ಮಾಡಿಕೊಂಡು ಅತ್ತಳು. ನಾನೂ ಪಕ್ಕದಲ್ಲಿ ಕೂತು ಗೋಳೋ ಅಂತ ಅತ್ತೆನಲ್ಲ, ಊರುಗೋಲು ಹಿಡಿದು ಹತ್ತಿಬರುತ್ತಿದ್ದ ಗಂಡ ಹೆಂಡತಿ ಗಾಬರಿಯಾಗಿ ಕಾಲು ಮುರಿಯಿತೇ ಅಂತ ಸನ್ನೆ ಮಾಡಿ ಕೇಳಿದರು. ಇಲ್ಲ ಅಂತ ತಲೆಯಾಡಿಸಿದೆ. ಅವರು ನೀರಿನ ಬಾಟಲಿ ಕೊಟ್ಟು ಹೋದರು.

ಅಳು ಸ್ವಲ್ಪ ನಿಂತ ಮೇಲೆ ಅವಳು ಬೂಟಿನ ಮೂತಿ ಸವರುತ್ತಾ ಹೇಳಿದಳು: "ಯಾವಾಗ್ಲೂ ಅಮ್ಮ ನನ್ ಹಿಂದೆ ಬರ್ತಿದ್ಳು. ಬೆಳಿಗ್ಗೆಯಿಂದ ಐ ಕೀಪ್ ಲಿಸನಿಂಗ್, ಅತ್ತೆ. ನನ್ ಹಿಂದೆ ಯಾರೂ ಇಲ್ಲ."

ನೀವಿದ್ದರೆ ಏನಾದರೂ ಹೇಳುತ್ತಿದ್ದಿರಿ. ಎದ್ದು, ಅವಳನ್ನು ಮುಂದೆ ಬಿಟ್ಟು, ನಾನು ಹಿಂದಾದೆ. ಕಡಿದಾದ ಕಡೆಯಲ್ಲಿ ಅವಳು ತಿರುಗಿ ನಿಂತು ಎರಡೂ ಕೈ ಹಿಡಿದು ನನ್ನನ್ನು ಇಳಿಸಿಕೊಂಡಳು. ದಾರಿ ಸಲೀಸಾದ ಮೇಲೆ ಮುಂದೆ ಮುಂದೆ ನಡೆದಳು.

ನಾಳೆಯಿಂದ ಮತ್ತೆ ಮೆಟ್ಟಿಲು ಹತ್ತುತ್ತೇನೆ, ಈ ಸಲ ನಡೆದುಕೊಂಡೇ ಇಳಿಯುತ್ತೇನೆ, ಲಿಫ್ಟ್ ಮುಟ್ಟುವುದಿಲ್ಲ. ಬರುವ ಬೇಸಿಗೆಗೆ ಕಣಿವೆಯ ಆಚೆಯ ಬೆಟ್ಟಕ್ಕೆ ಹೋಗೋಣ ಅಂತ ದೀಪ್ತಿಯೇ ಅಂದಿದ್ದಾಳೆ. ಅಲ್ಲೂ ಅವಳು ಮುಂದೆ, ನಾನು ಹಿಂದೆ. ಗಂಡಿನ ತಾಯಿ ಹಿಂದೆ ಬರುವುದು ಪದ್ಧತಿಯಲ್ಲ ಅಂತ ನೀವು ಬೈಯುತ್ತೀರಿ. ಬೈಯಿರಿ. ಆವತ್ತು ಮರಗಳೆಲ್ಲ ಮುಗಿದು ಊರಿನ ಮನೆಗಳು ಕಾಣತೊಡಗಿದಾಗ ಅವಳು ತಿರುಗಿ ನೋಡದೆ, "ಅತ್ತೆ?" ಅಂತ ಕರೆದಳು. ನಿಮ್ಮ ಹಾಗೆ ಹೇಳಲು ನನ್ನ ಮೈಸೂರು ನಾಲಿಗೆಗೆ ಬರುವುದಿಲ್ಲ. ನನಗೆ ಬಂದ ಹಾಗೆ ಹೇಳಿದೆ.

"ಬಂದೆ ಕಣಮ್ಮಾ, ಬಂದೆ. ನಡಿ ನೀನು."

ನಿಮ್ಮ ಬೀಗಿತ್ತಿ,
ಗಿರಿಜಾ